ಕೌಂಟರಿನ ಈಚೆ ನಾವು ನಿಂತಿದ್ದೇವೆ, ಆಚೆ ನೀವು ನಿಲ್ಲಿ

ಮಾನ್ಯ ಅಬಕಾರಿ ಸಚಿವರಿಗೆ,



ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನವಳು. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಳೆ, ನಾನು ಆ ಶಾಲೆಯ ಅಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯೆ.

ಕಳೆದ ಕಾರ್ತಿಕದ ದೀಪೋತ್ಸವದ ಮಾರನೆಯ ದಿನ ಹತ್ತನೇ ತರಗತಿಯ ಹುಡುಗನೊಬ್ಬ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲೇ ಕುಸಿದು ಬಿದ್ದ. ಖಾಲಿ ಹೊಟ್ಟೆಗೆ ತಲೆ ಸುತ್ತಿರಬೇಕೆಂದು ನೀರು ಚಿಮುಕಿಸಲು ಬಗ್ಗಿದ ಮೇಷ್ಟ್ರಿಗೆ ವಾಸನೆ ಬಡಿಯಿತು. ಬ್ಯಾಗು ತೆಗೆದು ನೋಡಿದರೆ ಜಾಮಿಟ್ರಿ ಬಾಕ್ಸಿನ ಪಕ್ಕದಲ್ಲಿ 90 ಎಂ.ಎಲ್. ವಿಸ್ಕಿಯ ಖಾಲಿ ಪ್ಯಾಕೆಟ್ಟು. ಒಂದು ಮೂಲೆಯಲ್ಲಿ ಹಲ್ಲಿನಿಂದ ಕಚ್ಚಿದ ಗುರುತಿತ್ತು. ಮಾವಿನ ರಸ ಕುಡಿದು ಮುಗಿಸಿದ ಮಕ್ಕಳು ಪ್ಯಾಕೆಟ್ಟನ್ನು ಮಡಚುತ್ತಾರಲ್ಲ, ಹಾಗೇ ಚಪ್ಪಟೆಯಾಗಿ ಮಡಚಿಟ್ಟಿದ್ದ.

ಅವನ ತಾಯಿ ಅಡಿಕೆ ಸುಲಿಯುತ್ತಿದ್ದಲ್ಲಿಂದ ಓಡಿ ಬಂದಳು. ಬೆರಳೆಲ್ಲ ಕಪ್ಪಾಗಿತ್ತು. ಮಗನಿಗೆ ಹೊಡೆಯಲಿಲ್ಲ, ಬೈಯಲಿಲ್ಲ. "ಇವನಿಗೆ ಅಂಗಡಿ ದಾರಿ ತೋರ್ಸಿದ್ದೇ ಇವರಪ್ಪ ಅಕ್ಕಾ. ಆರನೇ ಕ್ಲಾಸಿಂದ ಇವನ ಕೈಲೇ ತರ್ಸೋದು" ಎಂದು ನನ್ನ ಕೈ ಹಿಡಿದುಕೊಂಡಳು.

ಮಕ್ಕಳು ಕೆಟ್ಟ ಸಹವಾಸದಿಂದ ಕುಡಿತ ಕಲಿಯುತ್ತಾರೆಂದು ನಾವು ಹೇಳಿಕೊಂಡೇ ಬಂದಿದ್ದೇವೆ. ನಮ್ಮೂರಿನಲ್ಲಿ ನಾನು ಕಂಡದ್ದು ಬೇರೆ. ಇಲ್ಲಿ ಅದು ಅಪ್ಪ ಹೇಳಿದ ಕೆಲಸವಾಗಿ ಶುರುವಾಗುತ್ತದೆ. ನೋಟು ಹಿಡಿದು ಹೋಗಿ "ಅಪ್ಪಂಗೆ" ಎಂದರೆ ಸಾಕು, ಪ್ಯಾಕೆಟ್ಟು ಕೈಗೆ ಬರುತ್ತದೆ. ಹನ್ನೊಂದು ವರ್ಷಕ್ಕೆ ಆ ಮಾತಿನ ಬಲ ತಿಳಿದ ಹುಡುಗ ಹದಿನೈದಕ್ಕೆ ಅದನ್ನೇ ತನಗಾಗಿ ಹೇಳುತ್ತಾನೆ. ಇಷ್ಟು ಚಿಕ್ಕ ವಯಸ್ಸಿಗೆ ಕುಡಿತಕ್ಕೆ ಬಿದ್ದವರು ಮುಂದೆ ಅದರಿಂದ ಬಿಡಿಸಿಕೊಳ್ಳುವುದು ಎಷ್ಟು ಕಷ್ಟವೆಂದು ವೈದ್ಯರನ್ನು ಕೇಳಿದರೆ ತಿಳಿಯುತ್ತದೆ.

ಹಾಗಾಗಿ ಮೊದಲ ತಪ್ಪು ನಮ್ಮದೇ, ಒಪ್ಪಿಕೊಳ್ಳುತ್ತೇನೆ. ಆ ತಪ್ಪನ್ನು ತಿದ್ದಲು ನಾವೇನು ಮಾಡಿದೆವು ಎಂಬುದನ್ನೂ ತಮಗೆ ಹೇಳಬೇಕು.

ಶಾಲೆಯಲ್ಲಿ ಕರೆದ ಮೊದಲ ಸಭೆಗೆ ಬಂದವರೆಲ್ಲ ತಾಯಂದಿರು. ಎರಡನೆಯ ಸಭೆಯನ್ನು ಸಂಜೆ ಡೇರಿ ಮುಂದೆ ಇಟ್ಟೆವು. ಹಾಲು ಹಾಕಲು ಕ್ಯಾನು ಹಿಡಿದು ಗಂಡಸರೂ ಅಲ್ಲಿಗೆ ಬರಲೇಬೇಕು. ಹೆಡ್‌ಮಾಸ್ಟರು 2015ರ ಬಾಲನ್ಯಾಯ ಕಾಯ್ದೆಯ ಎರಡು ಕಲಮುಗಳನ್ನು ಓದಿ ಹೇಳಿದರು. ಮಗುವಿಗೆ ಮದ್ಯ ಕೊಟ್ಟರೆ 77ನೇ ಕಲಮು, ಮಗುವಿನ ಕೈಯಲ್ಲಿ ಮದ್ಯ ಹೊರಿಸಿದರೆ 78ನೇ ಕಲಮು. ಎರಡಕ್ಕೂ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಸಾಲಿನಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಹಿರಿಯರೊಬ್ಬರು, "ಕುಡಿಯೋದು ಬಿಡ್ತೀನಿ ಅಂತ ಸುಳ್ಳು ಹೇಳಲ್ಲ ಕಣಮ್ಮ. ಆದ್ರೆ ಮೊಮ್ಮಗನ್ನ ಇನ್ಮೇಲೆ ಕಳ್ಸಲ್ಲ" ಎಂದರು. ಅಂದು ಊರು ಕೊಟ್ಟ ಮಾತು ಅಷ್ಟೇ. ನನಗೆ ಅದು ಬಹಳ ದೊಡ್ಡದಾಗಿ ಕಂಡಿತು.

ಈಗ ದಿನವೂ ಸಂಜೆ ನಮ್ಮ ಸ್ತ್ರೀಶಕ್ತಿ ಸಂಘದ ಇಬ್ಬರು, ಜೊತೆಗೊಬ್ಬ ತಂದೆ, ಬಸ್‌ಸ್ಟ್ಯಾಂಡಿನಿಂದ ಕೆರೆ ಏರಿಯವರೆಗೆ ಓಡಾಡಿ ಬರುತ್ತಾರೆ. ಜಗಳವಿಲ್ಲ, ಗದರುವುದಿಲ್ಲ. ಕತ್ತಲಲ್ಲಿ ನಿಂತ ಹುಡುಗರನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಏರಿ ಮೇಲೆ ಖಾಲಿ ಪ್ಯಾಕೆಟ್ಟು ಕಡಿಮೆಯಾಗಿವೆ. ಐಸ್‌ಲ್ಯಾಂಡ್ ದೇಶದಲ್ಲಿ ತಂದೆತಾಯಂದಿರು ರಾತ್ರಿ ಹೀಗೇ ಬೀದಿ ಸುತ್ತುತ್ತಾರೆ, ಮಕ್ಕಳ ವಿಷಯದಲ್ಲಿ ತಮ್ಮ ತಮ್ಮಲ್ಲೇ ಲಿಖಿತ ಒಪ್ಪಂದ ಮಾಡಿಕೊಳ್ಳುತ್ತಾರೆ. ಅಲ್ಲಿ 15-16 ವಯಸ್ಸಿನವರಲ್ಲಿ ಹಿಂದಿನ ಒಂದು ತಿಂಗಳಲ್ಲಿ ಅಮಲಾಗುವಷ್ಟು ಕುಡಿದವರು 1998ರಲ್ಲಿ ನೂರಕ್ಕೆ 42 ಇದ್ದರು, 2016ರ ಹೊತ್ತಿಗೆ 5ಕ್ಕೆ ಇಳಿದರು. ಆದರೆ ಅಲ್ಲಿ ಪೋಷಕರನ್ನು ಬೀದಿಗೆ ಬಿಟ್ಟು ಸರ್ಕಾರ ಮನೆಯಲ್ಲಿ ಕೂರಲಿಲ್ಲ. ಕಾನೂನು ಬಿಗಿ ಮಾಡಿತು, ಮಕ್ಕಳಿಗೆ ಆಟ, ಸಂಗೀತ ಕಲಿಸಲು ಹಣವನ್ನೂ ಕೊಟ್ಟಿತು.

ನಮ್ಮಲ್ಲಿ ನಿಮ್ಮ ಪಾಲಿನ ಕೆಲಸ ಬಾಕಿ ಇದೆ. ಪರವಾನಗಿ ಇರುವ ಅಂಗಡಿಯವರನ್ನು ಹೋಗಿ ಕೇಳಿದಾಗ, "ನಾನು ಕೊಡದಿದ್ರೆ ಗೂಡಂಗಡೀಲಿ ಸಿಗುತ್ತೆ, ಅಲ್ಲಿಗೆ ಹೋಗಿ ಕೇಳಿ" ಎಂದರು. ಅದು ನಿಜ. ಎರಡು ಗೂಡಂಗಡಿಗಳಲ್ಲಿ ಬಿಸ್ಕತ್ತು, ಶಾಂಪೂ ಮಾರುವ ಜಾಗದಲ್ಲೇ ಪ್ಯಾಕೆಟ್ಟಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಇಟ್ಟು ಮಾರುತ್ತಾರೆ. ಇಪ್ಪತ್ತೆರಡು ಸಹಿ ಹಾಕಿ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆವು. ಒಂದು ಸಲ ಜೀಪು ಬಂತು. ಎರಡು ದಿನ ಮಾರಾಟ ನಿಂತಿತ್ತು, ಮೂರನೆಯ ದಿನ ಮತ್ತೆ ಶುರುವಾಯಿತು. ಅರ್ಜಿ ಕೊಟ್ಟವರು ಯಾರ್ಯಾರೆಂದು ಮಾರುವವರಿಗೆ ತಿಳಿದಿತ್ತು.

ಸ್ವಾಮಿ, ಹೊಸ ಕಾನೂನು ಬೇಕೆಂದು ನಾನು ಕೇಳುತ್ತಿಲ್ಲ. 21 ವರ್ಷ ತುಂಬದವರಿಗೆ ಮದ್ಯ ಮಾರಬಾರದೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಅದನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಹೊರಟಾಗ ಜನ ಬೇಡವೆಂದರು, ಸರ್ಕಾರ ಕೈಬಿಟ್ಟಿತು. ಜನ ಉಳಿಸಿಕೊಂಡ ಆ ನಿಯಮ ಕೌಂಟರಿನ ಮೇಲೂ ಉಳಿಯಬೇಕು. ಪ್ರತಿ ಅಂಗಡಿಯ ಕಿಂಡಿಯ ಮೇಲೆ, ಹಣ ಚಾಚುವವನ ಕಣ್ಣಿಗೆ ರಾಚುವಂತೆ, ದಪ್ಪ ಕನ್ನಡ ಅಕ್ಷರದಲ್ಲಿ ವಯಸ್ಸನ್ನೂ ಆ ಎರಡು ಕಲಮುಗಳನ್ನೂ ಬರೆಸಿ. "ಅಪ್ಪಂಗೆ" ಎಂದ ಮಗುವಿಗೆ ಮಾರಿದವರ ಪರವಾನಗಿ ಅಮಾನತಾಗಲಿ. ಅರ್ಜಿದಾರರ ಹೆಸರು ಹೊರಗೆ ಹೋಗದಂತೆ ಆದೇಶ ಮಾಡಿ.

ಇನ್ನು ಆ ಪ್ಯಾಕೆಟ್ಟು. 2025ರ ನವೆಂಬರಿನಲ್ಲಿ ಎರಡು ವಿಸ್ಕಿ ಕಂಪನಿಗಳ ಟ್ರೇಡ್‌ಮಾರ್ಕ್ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಬಂದಾಗ, ಟೆಟ್ರಾ ಪ್ಯಾಕಿನಲ್ಲಿ ಮದ್ಯ ತುಂಬಿರುವುದನ್ನು ಕಂಡು ನ್ಯಾಯಮೂರ್ತಿಗಳೇ ಆತಂಕಪಟ್ಟರು. ಮಕ್ಕಳು ಇದನ್ನು ಶಾಲೆಗೇ ಒಯ್ಯಬಹುದಲ್ಲ ಎಂದರು. ನಮ್ಮ ಶಾಲೆಗೆ ಅದು ಬಂದಾಗಿದೆ. ಅದರ ಮಾರಾಟಕ್ಕೆ ನಮ್ಮ ರಾಜ್ಯದಲ್ಲಿ ಅನುಮತಿ ಕೊಡುವುದು, ಬಿಡುವುದು ತಮ್ಮ ಕೈಯಲ್ಲಿದೆ.

2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟಿರಿ. ಆ ಹಣ ಶಾಲೆಗೆ, ರಸ್ತೆಗೆ ಬೇಕೆಂಬುದು ನನಗೆ ಗೊತ್ತು. ಅದರಲ್ಲಿ ಶಾಲೆಯ ಮಗುವಿನ ಕೈಯಿಂದ ಬಂದ ಒಂದು ರೂಪಾಯಿಯೂ ಇರಬಾರದು.

ಆ ಹುಡುಗ ಪರೀಕ್ಷೆ ಬರೆದು ಪಾಸಾದ. ಅವನ ಅಪ್ಪ ಈಗ ಸಂಜೆಯ ಓಡಾಟಕ್ಕೆ ವಾರಕ್ಕೊಂದು ದಿನ ಬರುತ್ತಾನೆ. ಬರುವ ನವೆಂಬರಿನಲ್ಲಿ ನಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಇದೆ. ಗೂಡಂಗಡಿಯ ಮಾತನ್ನು ಎತ್ತಬೇಕೆಂದು ಎಂಟನೇ ತರಗತಿಯ ಹೆಣ್ಣುಮಕ್ಕಳು ಈಗಲೇ ಬರೆದಿಟ್ಟುಕೊಂಡಿದ್ದಾರೆ. ಅಂದು ಉತ್ತರ ಹೇಳಲು ತಮ್ಮ ಇಲಾಖೆಯ ಇನ್‌ಸ್ಪೆಕ್ಟರೊಬ್ಬರನ್ನು ದಯವಿಟ್ಟು ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ, ಎಸ್‌ಡಿಎಂಸಿ ಸದಸ್ಯೆ