ಈಚೆಗೆ ಓದಿದ್ದು: ಕಾಶಿಯ ಎರಡು ಮಾಯಾಲೋಕ



ಈ ಸಲದ ಎರಡೂ ಕಾದಂಬರಿಗಳಿಗೆ ನಮ್ಮ ಕಾಶಿಯದೇ ನಂಟು. ಇಯಾನ್ ಮೆಕ್‌ಡೊನಾಲ್ಡ್ ಬರೆದ ‘ರಿವರ್ ಆಫ್ ಗಾಡ್ಸ್’ (2004) ನಿಮ್ಮನ್ನು 2047ರ ವಾರಾಣಸಿಗೆ ಒಯ್ಯುತ್ತದೆ. ಭಾರತ ಹಲವು ದೇಶಗಳಾಗಿ ಒಡೆದಿದೆ, ಮಳೆ ಕೈಕೊಟ್ಟಿದೆ, ಟೀವಿ ಧಾರಾವಾಹಿಯ ನಟನಟಿಯರೆಲ್ಲ ಕಂಪ್ಯೂಟರ್ ಬುದ್ಧಿಗಳು! ಕಲ್ಪನೆ ಭರ್ಜರಿ; ಆದರೆ ಪಾತ್ರಗಳ ಜಾತ್ರೆ. ಹದಿನೆಂಟು ತುಂಬಿದವರು ತಾಳ್ಮೆಯಿಂದ ಓದಿ.

ನನಗೆ ಹೆಚ್ಚು ಹಿಡಿಸಿದ್ದು ಇದೇ ಊರಿನಲ್ಲಿ ಬಾಳಿದ ದೇವಕೀನಂದನ ಖತ್ರಿಯವರ ಹಿಂದಿ ‘ಚಂದ್ರಕಾಂತಾ’. ನೂರಮೂವತ್ತು ವರ್ಷಕ್ಕೂ ಹಳೆಯದು. ಖತ್ರಿ ಚಕಿಯಾ-ನೌಗಢದ ಕಾಡುಗಳ ಗುತ್ತಿಗೆ ಹಿಡಿದಿದ್ದವರು. ಅಲ್ಲಿ ಕಂಡ ಪಾಳುಕೋಟೆಗಳೇ ಕತೆಯಲ್ಲಿ ‘ತಿಲಿಸ್ಮ್’ ಎಂಬ ಮಾಯಾಕೋಟೆಗಳಾದವು. ವೇಷ ಬದಲಿಸಿ, ಮೂರ್ಛೆಯ ಪುಡಿ ಮೂಸಿಸಿ, ಶತ್ರುವನ್ನು ಗಂಟುಕಟ್ಟಿ ಹೊತ್ತೊಯ್ಯುವ ಐಯಾರರದೇ ಮಜಾ. 1994ರಲ್ಲಿ ಶುರುವಾದ ದೂರದರ್ಶನದ ಧಾರಾವಾಹಿ ಕತೆಯನ್ನು ಬಹಳ ಬದಲಿಸಿತ್ತು. ಪುಸ್ತಕವನ್ನೇ ಓದಿ.

ಉರ್ದು ಮಾತ್ರ ಬಲ್ಲ ಅನೇಕರು ಇದನ್ನು ಓದಲೆಂದೇ ನಾಗರಿ ಲಿಪಿ ಕಲಿತರಂತೆ. ಇಲ್ಲೇ ಹುಟ್ಟಿ ಬೆಳೆದ ನಿಮಗೆ ಹಿಂದಿ ಸಲೀಸು. ಮನೆಯಲ್ಲಿ ಕನ್ನಡ ಆಡುತ್ತೀರಿ, ಆದರೆ ಅಕ್ಷರ ಕಂಡರೆ ದೂರ ಓಡುತ್ತೀರಿ! ನಿಮಗೆ ಅಂಥ ಆಮಿಷ ಯಾವುದು? ನನ್ನ ಓಟು ತೇಜಸ್ವಿಯವರ ‘ಕರ್ವಾಲೊ’ಗೆ (1980): ವಿಜ್ಞಾನ, ನಗು, ಪಶ್ಚಿಮಘಟ್ಟದ ಕಾಡಿನಲ್ಲಿ ಹಾರುವ ಓತಿಯ ಹುಡುಕಾಟ. ಮೊದಲ ಪುಟವನ್ನು ಅಮ್ಮನಿಂದ ಓದಿಸಿಕೊಳ್ಳಿ. ಓತಿ ಸಿಕ್ಕಿತೇ? ನಾನಂತೂ ಹೇಳುವುದಿಲ್ಲ.