ಟಾರ್ಚ್ ಕೈಯಾಗೇ ಇರಲಿ

1/4

ದೋಸ್ತರೇ, ಈ ಸರಣಿಯಲ್ಲಿ ಇಲ್ಲಿತನಕ ಹೆಡ್‌ಲ್ಯಾಂಪ್, ಸೈಕಲ್ ಲೈಟ್, ಹೊಲದ ಟಾರ್ಚ್ ಬಗ್ಗೆ ಬರೆದಿದ್ದೆ. ಹೋದ ವಾರ ನಮ್ಮ ಕ್ಲಾಸಿನವನೊಬ್ಬ ಲಿಂಕ್ ಕಳಿಸಿದ. ಪಿಸ್ತೂಲಿನ ನಳಿಕೆ ಕೆಳಗೆ ಸಿಗಿಸೋ ಪುಟ್ಟ ಟಾರ್ಚ್. ಅವರಪ್ಪಾಜಿಗೆ ಲೈಸೆನ್ಸ್ ಪಿಸ್ತೂಲು ಅದ, ಕಮಲಾಪುರದ ಕಡೆ ಹೊಲ ಅದ, ರಾತ್ರಿ ಕಲಬುರಗಿಯಿಂದ ಒಬ್ಬರೇ ಹೋಗಿ ಬರ್ತಾರ. "ಇದ್ರಾಗ ಯಾವುದು ಛಲೋ ಹೇಳಲೇ, ಅಪ್ಪಾಜಿ ಬರ್ತ್‌ಡೇಗೆ ಕೊಡಬೇಕು" ಅಂದ.

ಯಾವುದೂ ಬ್ಯಾಡ ಅಂದೆ. ಸಿಟ್ಟಾದ. "ನಿನಗೇನು ಗೊತ್ತು, ನೀ ಮೊಬೈಲ್‌ನಾಗ ಗೇಮ್ ಆಡಾಂವ" ಅಂದ. ಆಡ್ತೀನಿ, ಸುಳ್ಳಲ್ಲ. ಆದರೂ ನನ್ನ ಮಾತು ಪೂರ್ತಿ ಹೇಳ್ತೀನಿ, ಕೇಳಿ.

ಮೊದಲೇ ಒಂದು ವಿಷಯ: 21 ವರ್ಷ ತುಂಬದವರು ಬಂದೂಕು ಇಟ್ಟುಕೊಳ್ಳೋ ಹಾಗಿಲ್ಲ, 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ. ಅಪ್ಪನ ಲೈಸೆನ್ಸ್ ಅಪ್ಪನಿಗೇ. ಹಾಗಾಗಿ "ನಾನೇ ಸಿಗಿಸಿ ಕೊಡ್ತೀನಿ" ಅನ್ನೋ ಐಡಿಯಾ ಅಲ್ಲಿಗೇ ಮುಗೀತು. ಅದನ್ನ ಹಿಡಿದು ರೀಲ್ ಮಾಡೋದಂತೂ ಕೇಳಲೇಬೇಡಿ.

2/4

ಈಗ ಅಸಲಿ ಮಾತು. ಟಾರ್ಚ್ ಪಿಸ್ತೂಲಿಗೆ ಅಂಟಿಕೊಂಡರೆ, ನೀವು ಏನು ನೋಡಬೇಕು ಅಂತೀರೋ ಅದರ ಕಡೆಗೆ ಪಿಸ್ತೂಲು ತಿರುಗಿಸಲೇಬೇಕು. ಯಾರು ಅಂತ ಗೊತ್ತಾಗೋದು ಆಮೇಲೆ.

ನಮ್ಮ ಕಾಕಾಂದು ಕಮಲಾಪುರದಲ್ಲಿ ಬಾಳೆ ತೋಟ, ಕೆಂಪು ಬಾಳೆ. (ಜಿಐ ಟ್ಯಾಗ್ ಇರೋ ನಮ್ಮ ಹಣ್ಣು, ಹಾಸ್ಟೆಲ್‌ನಲ್ಲಿ ತಿಂದವರಿಗೆ ಗೊತ್ತು.) ಹೋದ ಬೇಸಿಗೆ ರಜೆಯಲ್ಲಿ ಅಲ್ಲಿದ್ದೆ. ಪಂಪಿಗೆ ಕರೆಂಟ್ ರಾತ್ರಿ ಬರ್ತದ, ಅವತ್ತು ಬಂದದ್ದು ಒಂದೂವರೆಗೆ. ಕಾಕಾ ಶೆಡ್‌ನಾಗ ನಿದ್ದಿ ಹತ್ತಿ ಮಲಗಿದ್ದ. ನಾಯಿ ಬೊಗಳಿತು, ಬಾಳೆ ಎಲೆ ಸರಸರ ಅಂದ್ವು, ಯಾರೋ ಕಾಲು ಎಳೆದು ನಡೆಯೋ ಸಪ್ಪಳ. ಹಿಂದಿನ ವಾರವಷ್ಟೇ ಪಕ್ಕದ ತೋಟದಲ್ಲಿ ಕೇಬಲ್ ಕಳುವಾಗಿತ್ತು. ಕಾಕಾ ದಡಕ್ಕನೆ ಎದ್ದು ಒಂದು ಕೈಯಾಗ ಬಡಿಗೆ, ಒಂದು ಕೈಯಾಗ ಟಾರ್ಚ್ ಹಿಡಿದು ಸೀದಾ ಮುಖಕ್ಕೆ ಬೆಳಕು ಬಿಟ್ಟ.

ಮುತ್ಯಾ. ಮೊಣಕಾಲ ತನಕ ಕೆಸರು, ಧೋತರ ಮೇಲಕ್ಕೆ ಕಟ್ಟಿ, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಾನ. ಮಗ ಮಲಗಿದ್ದಾನಂತ ಎಬ್ಬಿಸದೆ ತಾನೇ ನೀರು ತಿರುವಲಿಕ್ಕೆ ಹೋಗಿದ್ದ. "ಕಣ್ಣಿಗ್ಯಾಕ ಬಿಡ್ತಿ, ಕೆಳಗ ಹಿಡಿ" ಅಂತ ಬೈದ. ನಾವು ನಕ್ಕೆವು.

ಆ ಟಾರ್ಚ್ ಕಾಕಾನ ಕೈಯಲ್ಲಿರದೆ ಪಿಸ್ತೂಲಿನ ಕೆಳಗೆ ಇದ್ದಿದ್ದರೆ? ಬೆಳಕು ಬಿದ್ದ ಜಾಗದಲ್ಲೇ ನಳಿಕೆ, ಅಂದರೆ ಮುತ್ಯಾನ ಹಣೆ ಮೇಲೆ. ನಿದ್ದೆಗಣ್ಣು, ಕಳ್ಳರ ಭಯ, ನಡುಗೋ ಕೈ. ಆಗ ನಗು ಎಲ್ಲಿಂದ ಬರಬೇಕು?

3/4

"ಟ್ರಿಗರ್ ಮೇಲೆ ಬೆರಳು ಇಡದಿದ್ದರಾಯ್ತು" ಅಂತ ಕಾಮೆಂಟ್ ಬರ್ತದ, ಗೊತ್ತು. ಈಗಲೇ ಒಂದು ಮಾಡಿ ನೋಡಿ. ಬಲಗೈಯಿಂದ ನೀರಿನ ಬಾಟಲಿ ಹಿಡೀರಿ, ತೋರುಬೆರಳು ಸಡಿಲ ಬಿಡ್ರಿ. ಈಗ ನಡುಬೆರಳಿಂದ ಜೋರಾಗಿ ಒತ್ತಿ. ತೋರುಬೆರಳೂ ಒಳಗೆ ಬಾಗ್ತದೋ ಇಲ್ವೋ? ಅಂಜಿದಾಗ ಇದು ಇನ್ನೂ ಜೋರು.

ಕೆಲವು ಪಿಸ್ತೂಲ್ ಲೈಟ್‌ಗಳಿಗೆ ಹಿಡಿಕೆ ಮೇಲೆ, ಸರಿಯಾಗಿ ಆ ನಡುಬೆರಳಿನ ಕೆಳಗೇ ಒತ್ತೋ ಸ್ವಿಚ್ ಇರ್ತದ. 2010ರಲ್ಲಿ ಅಮೆರಿಕದ ಟೆಕ್ಸಾಸ್‌ನ ಪ್ಲೇನೊ ಊರಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಲೈಟ್ ಹಚ್ಚಲಿಕ್ಕೆ ಹೋಗಿ ಟ್ರಿಗರ್ ಎಳೆದ. ಎದುರಿಗಿದ್ದ ಯುವಕ ಸತ್ತ. ದಿನಾ ಆಯುಧ ಹಿಡಿದು ಕೆಲಸ ಮಾಡೋ ಮನುಷ್ಯನ ಕೈಲೇ ಹಿಂಗಾಯ್ತು. ಲೈಸೆನ್ಸ್ ತಗೊಂಡು ಪಿಸ್ತೂಲನ್ನ ಕಪಾಟಿನಲ್ಲಿ ಇಟ್ಟ ನಮ್ಮ ಅಪ್ಪಾಜಿಗಳು ವರ್ಷಕ್ಕೆ ಎಷ್ಟು ಸಲ ಅಭ್ಯಾಸ ಮಾಡ್ತಾರೆ ಹೇಳಿ?

ಇನ್ನು ವಸ್ತುವಿನ ಬಗ್ಗೆ. ಈ ಲೈಟ್‌ಗಳು ಕೂಡೋದು ಪಿಸ್ತೂಲಿನ ಅಡಿಯಲ್ಲಿ ಕೊರೆದ ಹಳಿಯ ಮೇಲೆ. ಪಿಕಾಟಿನಿ ಅಂತಾರೆ, ಅಮೆರಿಕದ ಸೇನೆ 1995ರಲ್ಲಿ ಅದರ ಅಳತೆ ನಿಗದಿ ಮಾಡಿತು. ನಮ್ಮ ದೇಶದಲ್ಲಿ 9 ಎಂಎಂ ಸಾಮಾನ್ಯರಿಗೆ ಸಿಗೋದಿಲ್ಲ, ಲೈಸೆನ್ಸ್‌ದಾರರ ಹತ್ರ ಭಾಳ ಕಂಡು ಬರೋದು .32. ಹಳೇ .32 ರಿವಾಲ್ವರಿಗೆ ಹಳಿ ಎಲ್ಲಿಂದ ಬರಬೇಕು? ಹಳಿ ಇಲ್ಲದ್ದಕ್ಕೆ ಕ್ಲಾಂಪ್, ಟೇಪ್ ಹಾಕಿ ಕೂಡಿಸಿದರೆ ಗುಂಡು ಹಾರಿದ ಜರ್ಕಿಗೆ ಅಲುಗಾಡ್ತದ. ಕಡಿಮೆ ರೇಟಿನ ಟಾರ್ಚ್ ಆದರೆ ಒಳಗಿನ ಸ್ಪ್ರಿಂಗ್ ಜಿಗಿದು ಆರೇ ಹೋಗಬಹುದು. ಹಳಿ ಇದ್ದರೂ ಲೈಟ್ ಹಾಕಿದ ಪಿಸ್ತೂಲು ಹಳೇ ಹೋಲ್‌ಸ್ಟರ್‌ಗೆ ಕೂಡೋದಿಲ್ಲ, ಹೊರಗೆ ಒಯ್ಯುವಾಗ ಹೋಲ್‌ಸ್ಟರ್ ಇಲ್ಲಾ ಅಂಥದ್ದೇ ಚೀಲದಲ್ಲಿ ಇರಬೇಕು ಅನ್ನೋದು 2016ರ ಆರ್ಮ್ಸ್ ರೂಲ್ಸ್. ಎಲೆಕ್ಷನ್ ಬಂತೋ, ಪಿಸ್ತೂಲು ಪೊಲೀಸ್ ಠಾಣೆಗೆ ಜಮಾ ಆಗಬಹುದು. ಅದರ ಜೊತೆ ನಿಮ್ಮ ದುಬಾರಿ ಟಾರ್ಚೂ ಠಾಣೆಯಲ್ಲಿ, ನೀವು ಕತ್ತಲಲ್ಲಿ!

4/4

ಲೈಟ್ ಹಾಕೋರ ವಾದ ಪೂರ್ತಿ ಸುಳ್ಳು ಅಂತ ನಾನು ಹೇಳೋದಿಲ್ಲ. ಎರಡೂ ಕೈಯಿಂದ ಪಿಸ್ತೂಲು ಗಟ್ಟಿಯಾಗಿ ಹಿಡೀಬಹುದು. ತರಬೇತಿ ಪಡೆದವರು ನಳಿಕೆಯನ್ನ ನೆಲಕ್ಕೆ ತೋರಿಸಿ, ಅಲ್ಲಿಂದ ಚೆಲ್ಲಿದ ಬೆಳಕಲ್ಲೇ ಎದುರಿನವರನ್ನ ಗುರುತಿಸ್ತಾರೆ. ಕತ್ತಲ ಮನೆಗೆ ನುಗ್ಗೋ ಕಮಾಂಡೋಗೆ ಅದು ಬೇಕು. ಕಾರು ನಿಲ್ಲಿಸಿ ಹೊಲದ ಗೇಟ್ ತೆಗೆಯೋ ಅಪ್ಪಾಜಿಗೆ ಯಾಕೆ ಬೇಕು? ಗೇಟಿನ ಬೀಗ ಹುಡುಕಲಿಕ್ಕೂ ಪಿಸ್ತೂಲು ತೆಗೀಬೇಕಾ? ಬದುವಿನ ಮೇಲೆ ಹಾವು ಅದನೋ ಹಗ್ಗ ಅದನೋ ನೋಡಲಿಕ್ಕೆ?

ಅದಕ್ಕೇ ಅವನಿಗೆ ಹೇಳಿದ್ದು: ಆ ದುಡ್ಡಲ್ಲಿ ಒಳ್ಳೆ ಕೈಟಾರ್ಚ್ ಕೊಡು. ಡಬ್ಬಿ ಮೇಲಿನ ಲುಮೆನ್ ನಂಬರಿಗೆ ಮರುಳಾಗಬ್ಯಾಡ. ಲುಮೆನ್ ಅಂದರೆ ಒಟ್ಟು ಎಷ್ಟು ಬೆಳಕು ಅಂತ, ಎಷ್ಟು ದೂರ ಹೋಗ್ತದ ಅನ್ನೋದನ್ನ ಕ್ಯಾಂಡೆಲಾ ಹೇಳ್ತದ. ಬಿಳಿ ಸುಣ್ಣದ ಸಣ್ಣ ಖೋಲಿಯಲ್ಲಿ 1000 ಲುಮೆನ್ ಹಚ್ಚಿದರೆ ಗೋಡೆಗೆ ಬಡಿದು ನಮ್ಮ ಕಣ್ಣಿಗೇ ಕತ್ತಲೆ. ಹೊಲಕ್ಕೆ ಬೆಳಕು ದೂರ ಹೋಗಬೇಕು, ಮನೆಗೆ ಕಡಿಮೆ ಮಾಡೋ ಆಯ್ಕೆ ಇರಬೇಕು. ಸಿಆರ್123 ಸೆಲ್ ಹುಡುಕುತ್ತಾ ಸೂಪರ್ ಮಾರ್ಕೆಟ್ ಪೂರಾ ತಿರುಗೋ ಬದಲು ಯುಎಸ್‌ಬಿ ಚಾರ್ಜಿಂಗ್ ಇರೋದು ತಗೋ. ಹಿಂದೆ ಬಟನ್ ಇರಲಿ, ಹೆಬ್ಬೆರಳಿಗೆ ಸಿಗೋ ಹಾಗೆ. ಮಳೆಗೂ ತಡೀಬೇಕು.

ಮತ್ತ ಅದನ್ನ ಎಡಗೈಯಲ್ಲಿ ಹಿಡಿಯೋದು ರೂಢಿ ಆಗಲಿ. ಬಲಗೈಯಲ್ಲಿ ಏನೇ ಇರಲಿ, ನೋಡೋ ಕೈ ಬೇರೆ ಇರಬೇಕು.

ನಿನ್ನೆ ಅವನು ಟಾರ್ಚ್ ತಗೊಂಡ ಫೋಟೋ ಹಾಕಿದ, ಇದೇ ಪೋಸ್ಟಿನ ಕೊನೇ ಸ್ಲೈಡ್ ನೋಡಿ. ಅಪ್ಪಾಜಿ ಮಾತ್ರ ಇನ್ನೂ ಒಪ್ಪಿಲ್ಲ, "ಪಿಸ್ತೂಲಿಂದು ಸಿಕ್ಕಿಲ್ಲೇನು?" ಅಂತ ಕೇಳಿದ್ರಂತ. ಮುಂದಿನ ಭಾನುವಾರ ಅವರ ತೋಟಕ್ಕೆ ಹೋಗ್ತಾ ಇದ್ದೀನಿ. ಮುತ್ಯಾನ ಕಥಿ ಅವರಿಗೂ ಹೇಳ್ತೀನಿ.

#ಕಲಬುರಗಿ #ಕಮಲಾಪುರ #ಬೆಳಕಿನಮಾತು