ಸರ್ಕಾರದ ಫೈಲಿಗೂ ಮಡಿಯೆ?



ಮಡಿ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುಟ್ಟಬೇಡ, ನೋಡಬೇಡ, ಒಳಗೆ ಬರಬೇಡ, ಯಾಕೆ ಅಂತ ಕೇಳಬೇಡ. ಗರ್ಭಗುಡಿಗೆ ಇರೋ ಈ ಮಡಿ ಸರ್ಕಾರದ ಫೈಲಿಗೂ ಇದೆ. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರು: ಕಾರ್ಯಾಂಗದ ವಿಶೇಷಾಧಿಕಾರ. ಆಳುವವನು ತಾನು ಆಡಿದ ಮಾತು, ಬರೆದ ಕಾಗದ, ಪಡೆದ ಸಲಹೆ ಇವನ್ನು ಕೋರ್ಟಿಗೂ ತೋರಿಸೋಲ್ಲ ಅನ್ನುವ ಹಕ್ಕು.

ನಮ್ಮ ಕಾಗದಕ್ಕೆ ಇಂಥ ಮಡಿ ಇದೆಯೆ? ಹಾಸ್ಟೆಲಿನಲ್ಲಿ ಒಂದು ಸೀಟು ಬೇಕಾದರೆ ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು. ಅಪ್ಪ ಎಷ್ಟು ಬಡವ ಅನ್ನೋದನ್ನ ನಾವು ಗ್ರಾಮ ಆಡಳಿತಾಧಿಕಾರಿಯ ಮುಂದೆ, ತಾಲ್ಲೂಕು ಕಚೇರಿಯ ಮುಂದೆ ಸಾಬೀತು ಮಾಡಬೇಕು. ಬಡವನ ಗುಟ್ಟೆಲ್ಲ ಬಯಲು, ಆಳುವವನ ಬಯಲೆಲ್ಲ ಗುಟ್ಟು. ಈ ದೇಶದಲ್ಲಿ ಯಾರು ಮೇಲೆ, ಯಾರು ಕೆಳಗೆ ಅಂತ ತಿಳಿಯೋಕೆ ಮನುಶಾಸ್ತ್ರ ಓದಬೇಕಿಲ್ಲ. ಯಾರ ಕಾಗದ ಯಾರು ನೋಡಬಹುದು ಅಂತ ಕೇಳಿ ನೋಡಿ, ಸಾಕು.

1973ನೇ ಇಸವಿಯನ್ನು ತಗೊಳ್ಳಿ. ಅಮೆರಿಕದಲ್ಲಿ ನಿಕ್ಸನ್ ಅಧ್ಯಕ್ಷ. ಹಿಂದಿನ ವರ್ಷ ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದಿದ್ದರು. ಅದನ್ನು ಮುಚ್ಚಿಹಾಕುವ ಮಾತು ಅಧ್ಯಕ್ಷನ ಕಚೇರಿಯ ಟೇಪಿನಲ್ಲೇ ಇತ್ತು. ಟೇಪು ಕೊಡಿ ಅಂದರೆ ವಿಶೇಷಾಧಿಕಾರ ಅಂದ. ಅಕ್ಟೋಬರ್ 20ರ ರಾತ್ರಿ, ಟೇಪು ಕೇಳಿದ ವಿಶೇಷ ಪ್ರಾಸಿಕ್ಯೂಟರನನ್ನೇ ಕೆಲಸದಿಂದ ತೆಗೆಸಿದ. ಆ ಹೊತ್ತಿಗೆ ಅವನ ಕುರ್ಚಿ ಅಲುಗಲಿಲ್ಲ. ಅಲ್ಲಿನ ಸುಪ್ರೀಂ ಕೋರ್ಟು 1974ರ ಜುಲೈ 24ರಂದು ಎಂಟಕ್ಕೆ ಎಂಟು ಮತದಿಂದ ಟೇಪು ಕೊಡು ಅನ್ನುವ ತನಕ ಕೂತೇ ಇದ್ದ. ಆಗಸ್ಟ್ 9ಕ್ಕೆ ಇಳಿದ.

ಅದೇ 1973ರ ನವೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿ ಏನಾಯಿತು? ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿ ಅವರು. ಕಳ್ಳತನ ಮಾಡಿರಲಿಲ್ಲ, ಟೇಪು ಬಚ್ಚಿಟ್ಟಿರಲಿಲ್ಲ. ಆಡಿದ್ದು ಒಂದು ಮಾತು, ಅದೂ ಎಲ್ಲರೆದುರಿಗೆ. ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು, ಮಂತ್ರಿಗಿರಿ ಹೋಯಿತು. ಅವರ ಕೈ ಹಿಡಿಯೋಕೆ ಯಾವ ವಿಶೇಷಾಧಿಕಾರ ಬಂತು? ಬರಲಿಲ್ಲ. ವಿಶೇಷಾಧಿಕಾರ ಕುರ್ಚಿಗೆ ಅಂಟಿರುತ್ತೆ ಅಂತಾರೆ. ಸುಳ್ಳು. ಕುರ್ಚಿಯಲ್ಲಿ ಕೂತವನ ಜಾತಿಯನ್ನೂ ಅದು ನೋಡುತ್ತೆ.

ನಮ್ಮ ದೇಶದ ಈ ಮಡಿ ಬ್ರಿಟಿಷರದು. 1872ರ ಸಾಕ್ಷ್ಯ ಕಾಯ್ದೆಯ 123ನೇ ಕಲಮು. ಇಲಾಖೆಯ ಮುಖ್ಯಸ್ಥ ಒಪ್ಪದೆ ರಾಜ್ಯದ ವ್ಯವಹಾರದ ಗುಪ್ತ ಕಾಗದವನ್ನು ಸಾಕ್ಷ್ಯಕ್ಕೆ ತರುವಂತಿಲ್ಲ. ಇಂದಿರಾ ಗಾಂಧಿಯವರ ಚುನಾವಣೆ ಮೇಲೆ ರಾಜ್ ನಾರಾಯಣ್ ಕೇಸು ಹಾಕಿದಾಗ, ಪ್ರಧಾನಿಯ ಭದ್ರತೆಯ 'ನೀಲಿ ಪುಸ್ತಕ' ಕೊಡೋಲ್ಲ ಅಂತ ಉತ್ತರ ಪ್ರದೇಶ ಸರ್ಕಾರ ಇದೇ ಕಲಮು ಹಿಡಿಯಿತು. 1975ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಪುಸ್ತಕದ ಪ್ರಶ್ನೆಯನ್ನು ಹೈಕೋರ್ಟಿಗೇ ವಾಪಸು ಕಳಿಸಿತು. ಆದರೆ ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಆಳುವವರು ಮಾಡೋದನ್ನು ತಿಳಿಯುವ ಹಕ್ಕು ಜನಕ್ಕಿದೆ ಎಂದು ಬರೆದರು. ಐದು ತಿಂಗಳೊಳಗೆ, ಜೂನ್ 12ಕ್ಕೆ ಅಲಹಾಬಾದಿನಲ್ಲಿ ಚುನಾವಣೆ ರದ್ದಾಯಿತು. ಜೂನ್ 25ಕ್ಕೆ ತುರ್ತುಪರಿಸ್ಥಿತಿ ಬಂತು. ಗುಟ್ಟು ಬಿಡಿಸಿದರೆ ಬಾಯನ್ನೇ ಹೊಲಿಯುತ್ತಾರೆ, ನೆನಪಿರಲಿ.

ಈಗ ಬ್ರಿಟಿಷರ ಕಾನೂನು ಕಿತ್ತೆಸೆದೆವು ಅಂತ ಎದೆ ತಟ್ಟಿಕೊಂಡರು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ. ತೆರೆದು ನೋಡಿ: ಹಳೆಯ 123 ಈಗ 129 ಆಗಿ ಕೂತಿದೆ. ಜೊತೆಗೆ ಮಂತ್ರಿಗಳಿಗೂ ರಾಷ್ಟ್ರಪತಿಗೂ ನಡುವೆ ನಡೆದ ಪತ್ರವ್ಯವಹಾರವನ್ನು ಯಾವ ಕೋರ್ಟೂ ಕೇಳಕೂಡದು ಅಂತ ಹೊಸದೊಂದು ಸಾಲು. ಬಿಳಿ ದೊರೆ ಹೋದ, ಅವನ ಮಡಿಬಟ್ಟೆಯನ್ನು ನಮ್ಮ ದೊರೆ ಉಟ್ಟುಕೊಂಡ.

ಅದೇ ಜುಲೈನಲ್ಲಿ ನಮ್ಮೂರಿನ ಜೆ.ಎಲ್.ಬಿ. ರಸ್ತೆಯ ಮುಡಾ ಕಚೇರಿಯಿಂದ ಹೊಗೆ ಎದ್ದಿತ್ತು. ಕೆಸರೆಯ ಸರ್ವೆ ನಂಬರ್ 464, 3 ಎಕರೆ 16 ಗುಂಟೆ. ಅದಕ್ಕೆ ಬದಲಾಗಿ ವಿಜಯನಗರದಲ್ಲಿ 14 ಸೈಟು, ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಪತ್ನಿಯ ಹೆಸರಿಗೆ. ಜುಲೈ 26ಕ್ಕೆ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ನೋಟಿಸು ಕೊಟ್ಟರು. ಆಗಸ್ಟ್ 1ಕ್ಕೆ ಮಂತ್ರಿಮಂಡಲ ಸೇರಿ ನೋಟಿಸು ವಾಪಸು ತಗೊಳ್ಳಿ ಅಂತ ಸಲಹೆ ಕೊಟ್ಟಿತು. ರಾಜ್ಯಪಾಲರು ಕೇಳಲಿಲ್ಲ, ಆ ತಿಂಗಳಲ್ಲೇ ತನಿಖೆಗೆ ಅನುಮತಿ ಕೊಟ್ಟರು. ಸೆಪ್ಟೆಂಬರ್ 24ಕ್ಕೆ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಮೂರು ತಿಂಗಳು ಪೇಪರಿನ ತುಂಬ ಒಂದೇ ಚರ್ಚೆ: ಮಂತ್ರಿಮಂಡಲದ ಸಲಹೆ ದೊಡ್ಡದೋ, ರಾಜ್ಯಪಾಲರ ವಿವೇಚನೆ ದೊಡ್ಡದೋ? ಎರಡು ಮಡಿಗಳು ಬಡಿದಾಡಿದವು. ಸಲಹೆ ಕೊಟ್ಟವರು ಆ ಮುಖ್ಯಮಂತ್ರಿಯ ಕೈಕೆಳಗಿನ ಮಂತ್ರಿಗಳೇ. ವಿವೇಚನೆ ಬಳಸಿದವರನ್ನು ನೇಮಿಸಿದ್ದು ದಿಲ್ಲಿ. ಬೇರೆ ಪಕ್ಷದವರ ಮೇಲಿನ ಅರ್ಜಿಗಳು ರಾಜಭವನದಲ್ಲಿ ಧೂಳು ತಿನ್ನುತ್ತಿವೆ ಅಂತ ಆಗ ಸರ್ಕಾರವೇ ದೂರಿತು. ಇನ್ನು ಈ ಅನುಮತಿ ಅನ್ನೋದೇ ಏನು? ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 17ಎ ಕಲಮು. ಅಧಿಕಾರದಲ್ಲಿದ್ದವರು ಮಾಡಿದ ತೀರ್ಮಾನದ ಬಗ್ಗೆ ಪೊಲೀಸರು ವಿಚಾರಣೆ ಶುರು ಮಾಡೋಕೂ ಮೊದಲೇ ಒಪ್ಪಿಗೆ ಬೇಕು. ಗೌಡರ ತೋಟದಲ್ಲಿ ಎಳನೀರು ಕಿತ್ತ ಅಂತ ನಮ್ಮ ಹುಡುಗನ ಮೇಲೆ ಬಾಯಿಮಾತಿನ ದೂರು ಬಂದರೆ ಯಾವ ರಾಜ್ಯಪಾಲರ ಒಪ್ಪಿಗೆ ಕೇಳ್ತಾರೆ? ಕತ್ತಿನಪಟ್ಟಿ ಹಿಡಿದು ಜೀಪಿಗೆ ಹಾಕ್ತಾರೆ.

ನ್ಯಾಯವಾಗಿ ಮಾತಾಡೋಣ. ಸಿದ್ದರಾಮಯ್ಯನವರು ತಪ್ಪಿತಸ್ಥರು ಅಂತ ನಾನು ಬರೆಯುತ್ತಿಲ್ಲ. ಅವರ ಪತ್ನಿ 14 ಸೈಟನ್ನೂ ವಾಪಸು ಕೊಟ್ಟರು. 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯ ಸಿಗಲಿಲ್ಲ ಅಂದರು. ಪತ್ನಿಗೆ ಇ.ಡಿ. ಕೊಟ್ಟಿದ್ದ ಸಮನ್ಸನ್ನು ಹೈಕೋರ್ಟು ರದ್ದು ಮಾಡಿತು. ಆ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಗವಾಯಿಯವರ ಪೀಠ ಇ.ಡಿ.ಯ ಮೇಲ್ಮನವಿಯನ್ನೂ ತಳ್ಳಿಹಾಕಿತು. ಇದೆಲ್ಲ ಸತ್ಯ.

ಆದರೆ ನನ್ನ ಪ್ರಶ್ನೆ ಬೇರೆ. ಆ 3 ಎಕರೆ 16 ಗುಂಟೆ ಮೊದಲು ಯಾರದು? ದಾಖಲೆಯಲ್ಲಿ ಮೊದಲು ಬರುವ ಹೆಸರು ಒಬ್ಬ ದಲಿತನದು. ಅವನ ಕೈಯಿಂದ, ಅವನ ಮಕ್ಕಳು ಮೊಮ್ಮಕ್ಕಳ ಕೈಯಿಂದ ಅದು ಜಾರಿದ್ದು ಹೇಗೆ? ಜಾರಿದಾಗ ಎಷ್ಟು ರೂಪಾಯಿ ಸಿಕ್ಕಿತು? ಆ ಮನೆಯವರು ಈಗ ಎಲ್ಲಿದ್ದಾರೆ? ಒಂದು ಕಡೆಯವರು ಬೆಂಗಳೂರಿಂದ ಮೈಸೂರಿಗೆ ಪಾದಯಾತ್ರೆ ಬಂದರು. ಇನ್ನೊಂದು ಕಡೆಯವರು ಮಹಾರಾಜ ಕಾಲೇಜು ಮೈದಾನದಲ್ಲಿ ಸಮಾವೇಶ ಮಾಡಿದರು. ಮೈಕಿನಲ್ಲಿ ಗಂಟೆಗಟ್ಟಲೆ ಗುಡುಗಿದರು. ನಮ್ಮ ಭೂಮಿ ಅವರಿಗೆ ಕಲ್ಲು, ಒಬ್ಬರ ಮೇಲೊಬ್ಬರು ಎಸೆದುಕೊಳ್ಳೋಕೆ. ಕಲ್ಲು ಯಾರ ಹೊಲದ್ದು ಅಂತ ಅವರು ಯಾಕೆ ಕೇಳ್ತಾರೆ?

ಹಾಸ್ಟೆಲಿನಲ್ಲಿ ಒಂದು ಮಾತಿದೆ: "ಬಿಡಣ್ಣ, ಸಿದ್ದರಾಮಯ್ಯ ನಮ್ಮ ಪರ ಇರೋರು, ಪ್ರಶ್ನೆ ಕೇಳಿದರೆ ಮನುವಾದಿಗಳಿಗೆ ಲಾಭ." ಇನ್ನೊಬ್ಬ ಹೇಳ್ತಾನೆ: "ರಾಜ್ಯಪಾಲರು ದಲಿತರಲ್ಲವೇನಣ್ಣ?" ಎರಡೂ ಒಂದೇ ಕಾಯಿಲೆ. 2013ರಲ್ಲಿ ಪರಿಶಿಷ್ಟರ ಉಪಯೋಜನೆ ಕಾಯ್ದೆ ತಂದದ್ದು ಸಿದ್ದರಾಮಯ್ಯನವರ ಸರ್ಕಾರವೇ, ನೆನೆಯೋಣ. ಹತ್ತು ವರ್ಷ ಆದಮೇಲೆ ಅದೇ ಉಪಯೋಜನೆಯ ಸುಮಾರು 11 ಸಾವಿರ ಕೋಟಿಯನ್ನು ಗ್ಯಾರಂಟಿಗಳ ಲೆಕ್ಕಕ್ಕೆ ಸೇರಿಸಿದ್ದೂ ಅವರದೇ ಸರ್ಕಾರ. ಅದನ್ನೂ ಕೇಳೋಣ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರದ ದಾರಿ ಎಂದು ಎಚ್ಚರಿಸಿದ್ದರು. ನಾಯಕನನ್ನು ಪ್ರೀತಿಸಿ, ತಪ್ಪಿಲ್ಲ. ಅವನ ಫೈಲಿಗೆ ಕೈಮುಗಿಯಬೇಡಿ. ಪ್ರಶ್ನೆ ನಾವು ಕೇಳದೆ ಇದ್ದರೆ ಮನುವಾದಿ ಕೇಳ್ತಾನೆ, ತನಗೆ ಬೇಕಾದ ಹಾಗೆ ಕೇಳ್ತಾನೆ.

ಬಾಯಿಮಾತು ಸಾಕು, ಕೆಲಸ ಹೇಳ್ತೀನಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೂ ಮಂತ್ರಿಮಂಡಲದ ಕಾಗದಕ್ಕೆ ಮಡಿ ಇದೆ, 8ನೇ ಕಲಮಿನಲ್ಲಿ. ಆದರೆ ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಅದಕ್ಕೆ ಕಾರಣವಾದ ಕಾಗದ ಬಯಲಾಗಬೇಕು ಅಂತಲೂ ಅಲ್ಲೇ ಇದೆ. ಅರ್ಜಿಗೆ 10 ರೂಪಾಯಿ. ಬಿ.ಪಿ.ಎಲ್. ಮನೆಯವರಿಗೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಾವು ಕವಿತೆ ಬರೆಯೋರು, 150 ಪದ ಧಾರಾಳವಾಯಿತು.

ಹಾಸ್ಟೆಲಿನ ಒಂದೊಂದು ರೂಮಿನಿಂದ ಒಂದೊಂದು ಅರ್ಜಿ ಹೋಗಲಿ. 50:50 ಲೆಕ್ಕದಲ್ಲಿ ಸೈಟು ಪಡೆದ ಒಂದೊಂದು ಭೂಮಿಯ ಮೊದಲ ಖಾತೆದಾರ ಯಾರು ಅಂತ ಒಂದು ರೂಮು ಕೇಳಲಿ. ನಮ್ಮೂರಿನ ಮಂಜೂರಾತಿ ಜಮೀನಿನ ಪಟ್ಟಿ ಕೊಡಿ ಅಂತ ಇನ್ನೊಂದು ರೂಮು ತಾಲ್ಲೂಕು ಕಚೇರಿಗೆ ಬರೆಯಲಿ. ಸರ್ಕಾರದ ಅನುಮತಿ ಇಲ್ಲದೆ ಮಾರಿದ ಮಂಜೂರಾತಿ ಭೂಮಿಯನ್ನು ವಾಪಸು ಕೊಡಿಸೋಕೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ. ತಡವಾಯಿತು ಅಂತ ಅರ್ಜಿ ತಳ್ಳಬಾರದು ಅಂತ 2023ರಲ್ಲಿ ತಿದ್ದುಪಡಿ ಬಂದಿದೆ. ಅಪ್ಪ ಹೆಬ್ಬೆಟ್ಟು ಒತ್ತಿದ ಕಾಗದವನ್ನು ಮಗಳು ಓದಲಿ, ಓದಿ ಅಸಿಸ್ಟೆಂಟ್ ಕಮಿಷನರ್ ಮುಂದೆ ನಿಲ್ಲಲಿ. ಉಪಯೋಜನೆಯ ದುಡ್ಡಿನಲ್ಲಿ ನಮ್ಮ ಹಾಸ್ಟೆಲಿಗೆ ಬಂದದ್ದೆಷ್ಟು ಅಂತ ಮೂರನೇ ರೂಮು ಕೇಳಲಿ.

ಅಮೆರಿಕದ ಅಧ್ಯಕ್ಷನ ಟೇಪು ಹೊರಗೆ ಬಂದದ್ದು ಕೇಳೋರು ಕೇಳೋದನ್ನ ನಿಲ್ಲಿಸದೆ ಇದ್ದದ್ದಕ್ಕೆ. ಕೆರೆಯ ನೀರನ್ನು ಮುಟ್ಟಿಯೇ ನಮ್ಮದು ಮಾಡಿಕೊಂಡ ಜನ ನಾವು. ಮಹಾಡಿನಲ್ಲಿ ಬಾಬಾಸಾಹೇಬರು ಅದನ್ನು ಕಲಿಸಿ ನೂರು ವರ್ಷ ಆಗುತ್ತಾ ಬಂತು. ಫೈಲನ್ನೂ ಮುಟ್ಟೋಣ. ಮೈಲಿಗೆ ಆದರೆ ಆಗಲಿ.

ಜೈ ಭೀಮ್.